ಹನ್ನೊಂದು ತಿಂಗಳಿಗೆ ಯಾವ ಗ್ರಾಚ್ಯುಟಿ?

ಮಾನ್ಯ ಸಂಪಾದಕರೇ,

ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯ ಸೀರೆ ವಿಭಾಗದಲ್ಲಿ ನಾನು ಆರು ವರ್ಷದಿಂದ ಕೆಲಸಕ್ಕಿದ್ದೇನೆ. ಆದರೆ ಕಾಗದದಲ್ಲಿ ನನ್ನ ಸರ್ವಿಸ್ ಯಾವತ್ತೂ 11 ತಿಂಗಳು ದಾಟಿಲ್ಲ. ಅಷ್ಟು ತುಂಬಿದ ಕೂಡಲೇ ‘ಒಂದು ವಾರ ಮನೆಯಲ್ಲಿರಿ’ ಅನ್ನುತ್ತಾರೆ. ಆಮೇಲೆ ಹೊಸ ಕಾಗದಕ್ಕೆ ಸಹಿ, ಮತ್ತೆ ಅದೇ ಕೌಂಟರ್. ನನ್ನ ಪಕ್ಕ ನಿಲ್ಲುವ ಅಕ್ಕ ಹಳಬರು, ಪರ್ಮನೆಂಟ್. ಗಿರಾಕಿ ಹೋದ ಮೇಲೆ ಬಿಚ್ಚಿದ ಸೀರೆಗಳನ್ನು ಆಚೆ ತುದಿ ಅವರು, ಈಚೆ ತುದಿ ನಾನು ಹಿಡಿದು ಮಡಚುತ್ತೇವೆ. ಕೆಲಸ ಬಿಡುವಾಗ ಅವರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಸಿಗುತ್ತದೆ. ನನಗೆ ಏನೂ ಇಲ್ಲ.

2025ರ ನವೆಂಬರ್ 21ರಂದು 29 ಹಳೆ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಇಂತಿಷ್ಟು ಅವಧಿಗೆ ಅಂತ ಸೇರಿಸಿಕೊಂಡವರಿಗೆ ಗ್ರಾಚ್ಯುಟಿಗೆ ಐದು ವರ್ಷ ಬೇಡ, ಒಂದೇ ವರ್ಷ ಸಾಕು ಎಂದು ಓದಿ ತುಂಬಾ ಖುಷಿಯಾಯಿತು. ಬಸ್ಸಲ್ಲಿ ಮನೆಗೆ ಬರುವಾಗ ಹೊಳೆಯಿತು, ನನಗೆ ಆ ಒಂದು ವರ್ಷ ತುಂಬುವುದಾದರೂ ಯಾವಾಗ?

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮನೆ ಜಗಲಿಯಲ್ಲಿ ಗೆರಸೆ ಮಡಿಲಿಗಿಟ್ಟು ಕೂತರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಅವರಿಗೂ ಪಿಎಫ್ ಇತ್ತು. ಆ ದುಡ್ಡಿನಲ್ಲೇ ಮಾಡಿಗೆ ಹೊಸ ಹಂಚು ಹೊದಿಸಿದರು. ಡಿಗ್ರಿ ಮಾಡಿ, ಎಸಿ ಅಂಗಡಿಯಲ್ಲಿ ನಿಂತ ನನಗೆ ಅಮ್ಮನಿಗಿದ್ದಷ್ಟೂ ಗಟ್ಟಿ ಇಲ್ಲ ಅಂದರೆ ಸಂಕಟವಾಗುತ್ತದೆ.

ನನ್ನ ಸ್ವಂತ ಅಕ್ಕನ ಮಗಳು ಜರ್ಮನಿಯಲ್ಲಿ ನರ್ಸ್. ಅಲ್ಲಿಯೂ 2003ರಿಂದ 2005ರ ಒಳಗೆ ಕಾರ್ಮಿಕ ಕಾನೂನುಗಳಲ್ಲಿ ದೊಡ್ಡ ಸುಧಾರಣೆ ಆಯಿತಂತೆ. ಸುಮಾರು 50 ಲಕ್ಷ ಇದ್ದ ನಿರುದ್ಯೋಗಿಗಳ ಸಂಖ್ಯೆ ಮುಂದೆ ಬಹಳ ಇಳಿಯಿತು, ನಿಜ. ಜೊತೆಗೆ ‘ಮಿನಿಜಾಬ್’ ಎಂಬ ಸಣ್ಣ ಸಂಬಳದ ಅರೆಕಾಲಿಕ ಕೆಲಸಗಳೂ ಜಾಸ್ತಿಯಾದವು. ದೇಶಕ್ಕೆಲ್ಲ ಒಂದು ಕನಿಷ್ಠ ಕೂಲಿ ಅಂತ ಬಂದದ್ದು 2015ರಲ್ಲಿ. ನಾವೂ ಹಾಗೆ ಹತ್ತು ವರ್ಷ ಕಾಯಬೇಕಾ?

ಕಾರ್ಮಿಕ ಇಲಾಖೆಯವರಲ್ಲಿ ನನ್ನದು ಒಂದೇ ವಿನಂತಿ. ಒಂದೇ ಅಂಗಡಿಯಲ್ಲಿ ತುಂಡು ತುಂಡಾಗಿ ದುಡಿದ ತಿಂಗಳುಗಳನ್ನೆಲ್ಲ ಕೂಡಿಸಿ ಲೆಕ್ಕ ಹಿಡಿಯಬೇಕು ಎಂದು ಸ್ಪಷ್ಟವಾಗಿ ಆದೇಶ ಹೊರಡಿಸಿ. ತಪಾಸಣೆಗೆ ಬಂದಾಗ ಆಫೀಸಿನ ಫೈಲ್ ನೋಡಿ ಹೋಗಬೇಡಿ. ಕೌಂಟರಿಗೆ ಬನ್ನಿ, ಎಷ್ಟು ವರ್ಷದಿಂದ ಇದ್ದೀರಿ ಅಂತ ನಮ್ಮನ್ನೇ ಕೇಳಿ. ದೀಪಾವಳಿ ರಶ್ ಮುಗಿಯುವ ಮೊದಲು ಬಂದರೆ ಒಳ್ಳೆಯದು. ನನ್ನ ಈಗಿನ ಕಾಗದ ಅದರ ಮರುವಾರಕ್ಕೆ ಮುಗಿಯುತ್ತದೆ.

– ಸೀರೆ ಅಂಗಡಿಯ ಕೆಲಸಗಾರ್ತಿ, ಕುಳಾಯಿ, ಮಂಗಳೂರು