ಸಹಿ ಹಾಕಿದವರಿಗೆ, ಹೆಬ್ಬೆಟ್ಟು ಒತ್ತಿದವರಿಗೆ

ಹೋದ ಮಂಗಳವಾರ ಮಧ್ಯಾಹ್ನ ಹಿಂಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಅಫ್ಘಾನ್ ಹುಡುಗಿ ದಡದಡನೆ ಇಳಿದು ಬಂದಳು. ಬಾಯಿಂದ ಮಾತೇ ಹೊರಡಲಿಲ್ಲ, ಮೊಬೈಲು ನನ್ನ ಮುಖದ ಮುಂದೆ ಹಿಡಿದಳು. ನಾನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಬಾಣಲೆಯಲ್ಲಿ ಶೇಂಗಾ ಕರಿ ಹತ್ತಿತ್ತು. ದೀರ್ಘಾವಧಿ ವೀಸಾ ಮಂಜೂರಾಗಿದೆ, ಒಂದು ವರ್ಷಕ್ಕೆ. ಹನ್ನೊಂದು ತಿಂಗಳು ಹಿಡಿದಿಟ್ಟ ಅಳು ಇಬ್ಬರಿಗೂ ಒಮ್ಮೆಲೇ ಬಂತು. ಒಳಗಿನಿಂದ ನಮ್ಮತ್ತೆ "ಏನಾತವ್ವ, ಯಾಕ ಅಳ್ಲತ್ತೀರಿ?" ಎಂದು ಗೋಡೆ ಹಿಡಿದುಕೊಂಡು ಎದ್ದು ಬಂದರು.

ಆವತ್ತೇ ಎಲ್ಲರಿಗೂ ಫೋನು ಮಾಡಬೇಕಿತ್ತು. ಮಾಡಿದೆ ಕೂಡ, ಆದರೆ ಮೂರನೇ ಮನೆಗೇ ಗಂಟಲು ಕಟ್ಟಿತು. ಅದಕ್ಕೇ, ಆಕೆ ಇಲ್ಲೇ ಉಳಿಯಲೆಂದು ಪತ್ರ ಬರೆದುಕೊಟ್ಟ ನಿಮಗೆಲ್ಲ ಬರೆಯುತ್ತಿದ್ದೇನೆ.

ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ತಂದೆ, ತಾಯಿ, ತಂಗಿ ಇನ್ನೂ ಕಾಬೂಲಿನಲ್ಲಿದ್ದಾರೆ. ಬೀದರಿನ ನಮ್ಮ ಓಣಿಗೆ ಆಕೆ ಯಾರೆಂದು ಗೊತ್ತು, ಅಷ್ಟು ಸಾಕು. 2019ರಲ್ಲಿ ಓದಲು ಬಂದ ಹುಡುಗಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಹಾಸ್ಟೆಲ್ ಖಾಲಿಯಾದಾಗ ಒಂದು ಟ್ರಂಕು, ಒಂದು ಕಂಬಳಿ ಹಿಡಿದು ನಮ್ಮ ಮಾಳಿಗೆಗೆ ಬಾಡಿಗೆಗೆ ಬಂದಳು. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದೆ. ಪಾಠ ಹೇಳಲು ಮಕ್ಕಳಿಲ್ಲದೆ ಕೈ ಖಾಲಿಯಿತ್ತು. ಆಕೆಗೆ ಕಾಗುಣಿತ ಹೇಳಿಕೊಟ್ಟೆ. ಆರು ತಿಂಗಳಿಗೆ ಅಂಗಡಿಯ ಬೋರ್ಡುಗಳನ್ನು ಓದತೊಡಗಿದಳು. ಅರ್ಜಿ, ವಕೀಲ, ಮೊಹರು ಎಂದು ನಾನು ಹೇಳಿದಾಗೆಲ್ಲ "ಇದು ನಮ್ಮ ಮಾತಲ್ವಾ?" ಎನ್ನುತ್ತಿದ್ದಳು. ಬಹಮನಿಗಳ ಕಾಲದಿಂದ ನಿಮ್ಮ ಪಾರಸಿ ನಮ್ಮ ಕಚೇರಿಗಳಲ್ಲಿ ಕೂತಿದೆ ಎಂದು ನಾನು ಹೇಳುತ್ತಿದ್ದೆ. ಆ ಮೂರೇ ಶಬ್ದಗಳು ಮುಂದೆ ನಮ್ಮಿಬ್ಬರ ದಿನಚರಿಯಾದಾವು ಎಂದು ಆಗ ಗೊತ್ತಿರಲಿಲ್ಲ.

2021ರ ಆಗಸ್ಟ್ 15ರಂದು ಬೆಳಿಗ್ಗೆ ನಾವು ಟಿ.ವಿ.ಯಲ್ಲಿ ಕೆಂಪುಕೋಟೆಯ ಧ್ವಜಾರೋಹಣ ನೋಡಿದೆವು. ಸಂಜೆಯ ಹೊತ್ತಿಗೆ ಆಕೆ ಮೊಬೈಲಿನಲ್ಲಿ ತನ್ನೂರು ತಾಲಿಬಾನ್ ಕೈಗೆ ಹೋಗುವುದನ್ನು ನೋಡುತ್ತಿದ್ದಳು. ಆಕೆ ಹಜಾರಾ ಎಂಬ ಅಲ್ಪಸಂಖ್ಯಾತ ಜನಾಂಗದವಳು, ಬೆಳೆದದ್ದು ಕಾಬೂಲಿನ ದಶ್ತ್-ಎ-ಬರ್ಚಿಯಲ್ಲಿ. 2022ರ ಸೆಪ್ಟೆಂಬರ್ 30ರಂದು ಅದೇ ಭಾಗದ ಕಾಜ್ ಶಿಕ್ಷಣ ಕೇಂದ್ರದಲ್ಲಿ ಪ್ರವೇಶ ಪರೀಕ್ಷೆಯ ಅಭ್ಯಾಸಕ್ಕೆ ಕೂತಿದ್ದ ಮಕ್ಕಳ ನಡುವೆ ಬಾಂಬ್ ಸಿಡಿಯಿತು. ಸತ್ತವರು 50ಕ್ಕೂ ಹೆಚ್ಚು, ಬಹುಪಾಲು ಹುಡುಗಿಯರು. ಮುಂದೆ ಡಿಸೆಂಬರ್ 20ರಂದು ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು.

ಅದಾಗಿ ಮೂರನೇ ದಿನ ಎಳ್ಳಮಾವಾಸ್ಯೆ. ಬರಲೊಲ್ಲೆ ಎಂದವಳನ್ನು ನಮ್ಮತ್ತೆಯೇ ಕೈಹಿಡಿದು ಹೊಲಕ್ಕೆ ಕರೆದುಕೊಂಡು ಹೋದರು. ಜೋಳದ ದಂಟಿನ ಕೊಂಪಿಯ ಮುಂದೆ ಪೂಜೆ ಮುಗಿದು, ಬೆಳೆಗೆ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂತೆವು. ಕಾಳು, ಕಾಯಿಪಲ್ಲೆ ಕೂಡಿಸಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಆಕೆ ಭಜ್ಜಿಯಲ್ಲಿ ರೊಟ್ಟಿ ಅದ್ದಿ ಬಾಯಿಗೆ ಇಡದೆ ಹಾಗೇ ಹಿಡಿದುಕೊಂಡಿದ್ದಳು. ತಮ್ಮಲ್ಲೂ ಇದೇ ಹೊತ್ತಿಗೆ ಯಲ್ದಾ ಎಂಬ ರಾತ್ರಿ ಬರುತ್ತದೆ, ವರ್ಷದ ಅತಿ ಉದ್ದದ ರಾತ್ರಿ, ಮನೆಮಂದಿಯೆಲ್ಲ ದಾಳಿಂಬೆ ಬಿಡಿಸುತ್ತ ಎಚ್ಚರ ಇರುತ್ತೇವೆ ಎಂದಳು. ತಂಗಿ ಆವತ್ತು ಫೋನಿನಲ್ಲಿ, "ಅಕ್ಕಾ, ನನ್ನ ಪುಸ್ತಕಗಳನ್ನು ಏನು ಮಾಡಲಿ?" ಎಂದು ಕೇಳಿದ್ದಳಂತೆ. ಪಕ್ಕದ ಹೊಲದವರು ಯಾರೂ ಏನೂ ಕೇಳಲಿಲ್ಲ, ಆಕೆಯ ತಟ್ಟೆಗೆ ಇನ್ನೊಂದು ಸೌಟು ಭಜ್ಜಿ ಹಾಕಿದರು. ನನ್ನ ಮೊದಲ ಕೃತಜ್ಞತೆ ಆ ಸೌಟು ಹಿಡಿದಿದ್ದ ತಾಯಿಗೆ.

2023ರಲ್ಲಿ ಪದವಿ ಮುಗಿಯಿತು, ವಿದ್ಯಾರ್ಥಿ ವೀಸಾದ ಆಧಾರವೂ ಮುಗಿಯಿತು. ಪಾಸ್‌ಪೋರ್ಟಿನ ಮುದ್ದತ್ತು ತೀರುತ್ತ ಬಂದಿತ್ತು. ಅದೇ ನವೆಂಬರ್‌ನಲ್ಲಿ ದೆಹಲಿಯ ಅಫ್ಘಾನಿಸ್ತಾನ ರಾಯಭಾರ ಕಚೇರಿ ಕಾಯಂ ಆಗಿ ಮುಚ್ಚಿದೆ ಎಂದು ಘೋಷಣೆಯಾಯಿತು. ಪಾಸ್‌ಪೋರ್ಟಿಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಇರುವಂತಿಲ್ಲ. 2024ರ ಫೆಬ್ರುವರಿಯಲ್ಲಿ ದೇಶ ಬಿಟ್ಟು ಹೋಗಬೇಕೆಂಬ ನೋಟಿಸು ಬಂತು. ಹದಿನೈದು ದಿನ. ಆ ಕಾಗದವನ್ನು ಆಕೆ ತಾನೇ ಓದಿ ನನಗೆ ಕನ್ನಡದಲ್ಲಿ ಅರ್ಥ ಹೇಳಿದಳು. ನಾನು ಕಲಿಸಿದ ಕನ್ನಡದಲ್ಲಿ.

ಒಂದು ಕಚೇರಿಯಲ್ಲಿ ನಮ್ಮನ್ನು ಮೂರು ತಾಸು ನಿಲ್ಲಿಸಿ, "ನಿಮಗ್ಯಾಕ್ರಿ ಟೀಚರ್ ಇದೆಲ್ಲ ಉಸಾಬರಿ?" ಎಂದು ಕಳಿಸಿದರು. ಓಣಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆಯಬಾರದ್ದನ್ನೂ ಬರೆದರು. ಅದರ ಬಗ್ಗೆ ಹೆಚ್ಚು ಹೇಳುವ ಮನಸ್ಸಿಲ್ಲ.

ನಮ್ಮ ವಕೀಲರು ಫೀಸು ತೆಗೆದುಕೊಳ್ಳಲಿಲ್ಲ, ಹೆಸರೂ ಹಾಕಬೇಡಿ ಎಂದಿದ್ದಾರೆ. ಆದರೆ ಅವರು ಹೇಳಿದ್ದನ್ನು ಬರೆಯಲೇಬೇಕು. ಇಂಥದ್ದು ನಾಳೆ ಇನ್ನೊಂದು ಮನೆಗೂ ಬೇಕಾದೀತು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆಂದೇ ಕಾಯ್ದೆಯೂ ಇಲ್ಲ. 2025ರವರೆಗೆ ಎಲ್ಲರೂ 1946ರ ವಿದೇಶಿಯರ ಕಾಯ್ದೆಯ ಅಡಿಯಲ್ಲೇ ಬರುತ್ತಿದ್ದರು. ಹಾಗೆಂದು ದಾರಿಯೇ ಇಲ್ಲ ಎಂದಲ್ಲ. ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್‌ನಲ್ಲಿ ಒಂದು ಕಾರ್ಯವಿಧಾನ ಹೊರಡಿಸಿದೆ. ಜನಾಂಗ, ಧರ್ಮ, ಹೆಣ್ಣೆಂಬ ಕಾರಣ ಇತ್ಯಾದಿಗಳಿಂದ ತನ್ನ ದೇಶದಲ್ಲಿ ಹಿಂಸೆಯಾಗುತ್ತದೆ ಎಂಬ ಭಯಕ್ಕೆ ಆಧಾರವಿದೆ ಎಂದು ಕಂಡರೆ, ಭದ್ರತಾ ಪರಿಶೀಲನೆಯ ನಂತರ ದೀರ್ಘಾವಧಿ ವೀಸಾ ಕೊಡಬಹುದು. ಒಂದೊಂದು ವರ್ಷದಂತೆ ಐದು ವರ್ಷದವರೆಗೆ. ಅದು ಸಿಕ್ಕರೆ ಖಾಸಗಿ ಕೆಲಸ ಮಾಡಬಹುದು, ಓದಬಹುದು.

ಆಮೇಲೆ ಅವರು ಸಂವಿಧಾನದ ಪುಸ್ತಕ ತೆರೆದು ಒಂದು ಶಬ್ದದ ಮೇಲೆ ಬೆರಳಿಟ್ಟರು. 19ನೇ ವಿಧಿ ಮಾತಾಡುವುದು "ನಾಗರಿಕರ" ಬಗ್ಗೆ. 21ನೇ ವಿಧಿ ಮಾತಾಡುವುದು "ವ್ಯಕ್ತಿ"ಯ ಬಗ್ಗೆ. ಜೀವ ಕಾಪಾಡುವ ಮಾತು ಬಂದಾಗ ಪೌರತ್ವ ಕೇಳಿಲ್ಲ. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನೇ ಹೇಳಿದೆ. ಇಷ್ಟು ವರ್ಷ ಮಕ್ಕಳಿಗೆ ಶಬ್ದಾರ್ಥ ಬರೆಸಿದವಳು ನಾನು. "ವ್ಯಕ್ತಿ" ಎಂಬ ಶಬ್ದಕ್ಕೆ ಇಷ್ಟು ತೂಕ ಇದೆಯೆಂದು ಆವತ್ತು ಕಂಡೆ.

"ದೊಡ್ಡವರ ಶಿಫಾರಸು ನನಗ ಬ್ಯಾಡ," ಎಂದರು ವಕೀಲರು. "ಈಕೀನ ದಿನಾ ನೋಡೋರು ಬರದು ಕೊಡ್ಲಿ. ಏನ್ ನೋಡ್ಯಾರ ಅದಷ್ಟೇ."

ಆ ಐದು ದಿನ ನಮ್ಮ ಓಣಿ ಮಾಡಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. 146 ಪತ್ರ ಬಂದವು. ವಹಿಯ ಹಾಳೆ, ಕ್ಯಾಲೆಂಡರಿನ ಹಿಂಬದಿ, ಅಂಗಡಿಯ ಬಿಲ್ಲಿನ ಚೀಟಿ. ಕಾಯಿಪಲ್ಲೆಯ ಅಕ್ಕ ಮಗನ ಕೈಯಿಂದ ಬರೆಸಿದ್ದಳು: "ಮೂರು ವರ್ಷದಿಂದ ನನ್ನ ಹಂತ್ಯಾಕ ಗಜ್ಜರಿ ಒಯ್ತಾಳ. ಒಮ್ಮಿನೂ ಉದ್ರಿ ಇಟ್ಟಿಲ್ಲ." ಒಂಬತ್ತನೇ ತರಗತಿಯ ಹುಡುಗಿ ಬರೆದಿದ್ದಳು: "ಗಣಿತದಲ್ಲಿ ನನಗೆ 34 ಬರುತ್ತಿತ್ತು. ಅಕ್ಕ ಹೇಳಿಕೊಟ್ಟ ಮೇಲೆ 71 ಬಂತು." 2021ರ ಕೊರೋನಾದಲ್ಲಿ ನಾನಕ್ ಝೀರಾ ಗುರುದ್ವಾರದ ಲಂಗರಿನಿಂದ ಊಟದ ಪೊಟ್ಟಣ ತಂದು ಮನೆಬಾಗಿಲಿಗೆ ಇಟ್ಟು ಹೋಗುತ್ತಿದ್ದಳೆಂದು ಹನ್ನೆರಡು ಮನೆಯವರು ಬರೆದಿದ್ದರು. ಅದು ನನಗೇ ಗೊತ್ತಿರಲಿಲ್ಲ. ಮಹಡಿಯಲ್ಲಿ ಓದುತ್ತ ಕೂತಿದ್ದಾಳೆ ಎಂದುಕೊಂಡಿದ್ದೆ.

ನೋಟಿಸಿನ ವಿರುದ್ಧ ಹೈಕೋರ್ಟಿಗೆ ಕೊಟ್ಟ ಕಡತದ 41ನೇ ಪುಟದ ಬಗ್ಗೆ ಹೇಳಬೇಕು. ಅದರಲ್ಲಿ ಎರಡೇ ಗುರುತು. ಮೇಲಿನದು ನಮ್ಮತ್ತೆಯ ಹೆಬ್ಬೆಟ್ಟು. 1948ರಲ್ಲಿ, ಗೋರಟಾ ಊರಿನಲ್ಲಿ ನಿಜಾಮನ ಪರದ ರಜಾಕಾರರು ನಡೆಸಿದ ಕಗ್ಗೊಲೆಯ ಸುದ್ದಿ ಹಬ್ಬಿದಾಗ, ಎಂಟು ವರ್ಷದ ಅವರನ್ನು ಬಂಡಿಯಲ್ಲಿ ಹುಲ್ಲಿನ ಕೆಳಗೆ ಮಲಗಿಸಿ ಅವರಪ್ಪ ರಜಾಕಾರರ ಕಣ್ಣು ತಪ್ಪಿಸಿ ಹೈದರಾಬಾದ್ ಸಂಸ್ಥಾನದ ಗಡಿ ದಾಟಿಸಿದ್ದರು. ಸೊಲ್ಲಾಪುರದ ಕಡೆ ಯಾರದೋ ಕೊಟ್ಟಿಗೆಯಲ್ಲಿ ನಾಲ್ಕು ತಿಂಗಳು ಇದ್ದರು. "ಆ ಮನಿಯವ್ರು ನಮ್ದು ಯಾವ ಕಾಗದಾ ಕೇಳಿಲ್ಲ ಬೇಟಾ, ರೊಟ್ಟಿ ಕೊಟ್ಟಾರ" ಎಂದು ಆಕೆಯ ತಲೆ ಸವರುತ್ತ ಹೇಳಿದರು. ಶರಣ ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದಲೇ ಕಲ್ಯಾಣಕ್ಕೆ ಬಂದು ಬಸವಣ್ಣನ ಮಹಾಮನೆಯಲ್ಲಿ ಹನ್ನೆರಡು ವರ್ಷ ಇದ್ದ ಕತೆಯನ್ನೂ ಆವತ್ತು ಹೇಳಿದರು. ಕೆಳಗಿನ ಸಹಿ ಎದುರುಮನೆಯ ಚಾಚಾ ಅವರದು, ಉರ್ದುವಿನಲ್ಲಿ. ಅದೇ 1948ರ ಸೆಪ್ಟೆಂಬರ್‌ನಲ್ಲಿ, ಭಾರತದ ಸೇನೆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ, ಅವರ ಮನೆಯವರೂ ಜೀವ ಉಳಿಸಿಕೊಳ್ಳಲು ಹಳ್ಳಿ ಬಿಟ್ಟು ಬಂದವರು. ಐವತ್ತು ವರ್ಷ ಎದುರುಬದುರು ಇದ್ದರೂ ಈ ಇಬ್ಬರು ಆ ವರ್ಷದ ಮಾತು ಆಡಿದವರಲ್ಲ. ಆವತ್ತು ಒಂದೇ ಮೇಜಿನ ಮುಂದೆ ಕೂತು, ಒಂದೇ ಹಾಳೆಗೆ ತಮ್ಮ ತಮ್ಮ ಗುರುತು ಹಾಕಿದರು. ಚಾಚಾ 2024ರ ಆಗಸ್ಟಿನಲ್ಲಿ ತೀರಿಕೊಂಡರು. ವೀಸಾ ಬಂದ ಸುದ್ದಿ ಅವರಿಗೆ ಹೇಳಲಾಗಲಿಲ್ಲ.

ಹುಮನಾಬಾದ್ ಮೇಲಿಂದ ಕಲಬುರಗಿಗೆ ಹೋಗುವ ರೈಲಿನಲ್ಲಿ ಎಷ್ಟು ಸಲ ಕೂತೆವೋ. ಆ ಮಾರ್ಗ ಶುರುವಾದದ್ದು 2017ರಲ್ಲಿ. ಹೈಕೋರ್ಟಿನ ಪೀಠ ಕಲಬುರಗಿಗೆ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಇವೆರಡೂ ಇಲ್ಲದಿದ್ದರೆ ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ ಎಡತಾಕಬೇಕಿತ್ತು, ಹದಿನೈದು ದಿನ ಅದರಲ್ಲೇ ಕರಗುತ್ತಿತ್ತು. ಪೀಠ ಬೇಕೆಂದು ವರ್ಷಗಟ್ಟಲೆ ಹೋರಾಡಿದ ವಕೀಲರಿಗೂ ಒಂದು ನಮಸ್ಕಾರ. ವೀಸಾ ಅರ್ಜಿಯ ಮೇಲೆ ತೀರ್ಮಾನ ಆಗುವವರೆಗೆ ಬಲವಂತದ ಕ್ರಮ ಬೇಡ ಎಂಬ ಆದೇಶ ಬಂದ ದಿನ, ಹೊರಗೆ ಬೇವಿನ ಮರದ ಕೆಳಗೆ ಟೈಪಿಸ್ಟ್ ಅಣ್ಣ ತನ್ನ ಡಬ್ಬಿಯ ಅರ್ಧ ಊಟ ಆಕೆಯ ಮುಂದಿಟ್ಟ. ಬೆಳಿಗ್ಗೆಯಿಂದ ಆಕೆ ನೀರೂ ಕುಡಿದಿಲ್ಲ ಎಂದು ಆತ ಗಮನಿಸಿದ್ದ.

ಬಾಡಿಗೆಗೆ ವಿದೇಶಿಯರನ್ನು ಇಟ್ಟುಕೊಂಡವರಿಗೆ ಒಂದು ಮಾತು. ಅವರು ನಿಮ್ಮಲ್ಲಿದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವ ಫಾರ್ಮನ್ನು 24 ತಾಸಿನೊಳಗೆ ತುಂಬಿಸಿ, ಆಗ ಅದಕ್ಕೆ ಫಾರ್ಮ್ ಸಿ ಎನ್ನುತ್ತಿದ್ದರು. 2020ರಲ್ಲಿ ನನ್ನ ಮಗ ಹಟ ಹಿಡಿದು ಅದನ್ನು ಆನ್‌ಲೈನ್‌ನಲ್ಲಿ ತುಂಬಿಸಿದ್ದ. ಆಕೆ ಯಾವತ್ತೂ ಅಡಗಿಕೊಂಡವಳಲ್ಲ ಎಂಬುದಕ್ಕೆ ಅದೇ ನಮ್ಮ ಮೊದಲ ದಾಖಲೆಯಾಯಿತು. ಮನೆಗೆ ವಿಚಾರಣೆಗೆ ಬಂದ ಹೆಡ್ ಕಾನ್‌ಸ್ಟೆಬಲ್ ಅವರಿಗೂ ಋಣಿ. ಬೂಟು ಹೊರಗೆ ಬಿಟ್ಟು ಬಂದು ಕೂತು, ಎಲ್ಲವನ್ನೂ ಕೇಳಿ, ಇದ್ದದ್ದು ಇದ್ದಂತೆ ವರದಿ ಬರೆದರು.

ಆಕೆಯ ಭಾಷೆಯಲ್ಲಿ "ತಶಕ್ಕೂರ್" ಎನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದಳು. ಪುಸ್ತಕದಲ್ಲಿ ಧನ್ಯವಾದ ಇದೆ, ಆದರೆ ನಮ್ಮ ಕಡೆ "ಭಾಳ ಉಪಕಾರ ಆತ್ರಿ" ಅಂತಾರೆ ಎಂದೆ. ಎರಡು ದಿನದಿಂದ ಮನೆಮನೆಗೆ ಹೋಗಿ ಅದನ್ನೇ ಹೇಳುತ್ತಿದ್ದಾಳೆ. ಚಾಚಾನ ಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಊಟ. ಆಕೆ ಗಜ್ಜರಿ, ಒಣದ್ರಾಕ್ಷಿ ಹಾಕಿ ಕಾಬೂಲಿ ಪಲಾವ್ ಮಾಡುತ್ತಾಳೆ. ಮಾಂಸ ಉಣ್ಣದವರಿಗೆ ಬೇರೆ ಪಾತ್ರೆ, ಬೇರೆ ಒಲೆ. ನಮ್ಮತ್ತೆ ರೊಟ್ಟಿ ತಾವೇ ಬಡಿಯುವುದಾಗಿ ಹಟ ಹಿಡಿದಿದ್ದಾರೆ. 146 ಮಂದಿಯೂ ಬರಬೇಕು, ಉಡುಗೊರೆ ಏನೂ ತರಬೇಡಿ.

ಇನ್ನೊಬ್ಬರಿದ್ದಾರೆ. ಜೆರಾಕ್ಸ್ ಅಂಗಡಿಯ ಅಣ್ಣ. "ಟೀಚರ್, ನನ್ನ ಮಗ ಸರ್ಕಾರಿ ನೌಕರಿಗೆ ಕಾಯ್ಲತ್ತಾನ. ನನಗ ಸಹಿ ಹಾಕ್ಲಿಕ್ಕಿ ಅಂಜಿಕಿ ಬರ್ತದ, ಮಾಫ್ ಮಾಡ್ರಿ" ಎಂದು ನನ್ನ ಮುಖ ನೋಡಿ ಹೇಳಿದವರು. ಆಮೇಲೆ ಶಟರ್ ಅರ್ಧ ಎಳೆದು, ರಾತ್ರಿ ಹನ್ನೊಂದರವರೆಗೆ ನಿಂತು 146 ಪತ್ರಗಳಿಗೂ ನಾಲ್ಕು ನಾಲ್ಕು ಪ್ರತಿ ತೆಗೆದು, ನಂಬರು ಹಾಕಿ, ದಾರ ಹೊಲಿದು ಕೊಟ್ಟರು. ಹತ್ತು ಪೈಸೆ ಮುಟ್ಟಲಿಲ್ಲ. ಅಣ್ಣಾ, ಭಾನುವಾರ ನೀವೂ ಬರಬೇಕು, ಮನೆಮಂದಿಯೆಲ್ಲ. ನಿಮಗೆಂದು ಮೊದಲ ಸಾಲಿನಲ್ಲಿ ಜಾಗ ಇಟ್ಟಿರುತ್ತೇವೆ.