ಗ್ರಾಂಶಿ ಹೇಳಿದ ಇನ್ನರ್ಧ

ಮಾನ್ಯ ಸಂಪಾದಕರೇ,

ಶಿಕ್ಷಣ ಮಾಧ್ಯಮದ ಚರ್ಚೆ ಎದ್ದಾಗಲೆಲ್ಲ ಇಟಲಿಯ ಕಮ್ಯುನಿಸ್ಟ್ ಚಿಂತಕ ಅಂತೋನಿಯೊ ಗ್ರಾಂಶಿಯನ್ನು ಸಾಕ್ಷಿಗೆ ಕರೆಯುವವರು ಇದ್ದಾರೆ. 1927ರ ಮಾರ್ಚ್‌ನಲ್ಲಿ ಮುಸೊಲಿನಿಯ ಸರ್ಕಾರ ಬಂಧಿಸಿದ್ದ ಅವರು ಜೈಲಿನಿಂದ ತಂಗಿ ತೆರೆಸಿನಾಗೆ ಬರೆದ ಪತ್ರವೇ ಅದಕ್ಕೆ ಆಧಾರ. ಮಕ್ಕಳು ಇಟಲಿಯ ದ್ವೀಪ ಸಾರ್ಡೀನಿಯದ ಮಾತನ್ನು ಆಡಲಿ, ಅದು ಸ್ವತಂತ್ರ ಭಾಷೆಯೇ ಎಂದು ಅದರಲ್ಲಿ ಹೇಳಿದ್ದು ನಿಜ. ಆದರೆ ಗ್ರಾಂಶಿ ಅಷ್ಟಕ್ಕೇ ನಿಲ್ಲಲಿಲ್ಲ. ಯಾಕೆಂದು ತಿಳಿಯಲು ಅವರು ಓದಿದ ಬಗೆಯನ್ನು ನೋಡಬೇಕು.

ಅವರನ್ನು ಕಾರ್ಮಿಕನ ಮಗ ಎಂದು ಬರೆಯುವುದುಂಟು, ಅದು ತಪ್ಪು. 1891ರಲ್ಲಿ ಸಾರ್ಡೀನಿಯದ ಆಲೆಸ್‌ನಲ್ಲಿ ಗ್ರಾಂಶಿ ಹುಟ್ಟಿದರು. ಅವರ ತಂದೆ ಸರ್ಕಾರಿ ನೋಂದಣಿ ಕಚೇರಿಯ ನೌಕರ. 1898ರಲ್ಲಿ ಹಣ ದುರುಪಯೋಗದ ಆರೋಪದ ಮೇಲೆ ತಂದೆಯ ಬಂಧನವಾಯಿತು. ಚುನಾವಣೆಯಲ್ಲಿ ಸೋತ ಬಣದ ಜೊತೆಗಿದ್ದುದೇ ಇದಕ್ಕೆ ಕಾರಣ ಎಂದು ಊರವರು ನಂಬಿದ್ದರು. ಏಳು ಮಕ್ಕಳ ಸಂಸಾರ ತಾಯಿಯ ಹೊಲಿಗೆಯ ಮೇಲೆ ನಿಂತಿತು. ಬೆನ್ನುಮೂಳೆಯ ರೋಗದಿಂದ ಗೂನಾಗಿದ್ದ ಹುಡುಗ ಹನ್ನೊಂದನೇ ವಯಸ್ಸಿಗೆ ಗಿಲಾರ್ಸಾದ ಕಂದಾಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ದಿನಕ್ಕೆ ಹತ್ತು ತಾಸು, ಭಾನುವಾರ ಬೆಳಿಗ್ಗೆಯೂ ಬಿಡುವಿಲ್ಲ. ಸಂಬಳ ತಿಂಗಳಿಗೆ 9 ಲಿರಾ, ಅಂದರೆ ದಿನಕ್ಕೊಂದು ಕಿಲೋ ಬ್ರೆಡ್ಡಿನ ಬೆಲೆ. ತನಗಿಂತ ಭಾರದ ರಿಜಿಸ್ಟರುಗಳನ್ನು ಎತ್ತಿಡುವುದು ಅವನ ಕೆಲಸ. ರಾತ್ರಿ ಮೈನೋವಿಗೆ ಯಾರಿಗೂ ಕಾಣದಂತೆ ಅಳುತ್ತಿದ್ದುದನ್ನು ಮುಂದೆ ಜೈಲಿನ ಪತ್ರದಲ್ಲಿ ಅವರೇ ನೆನೆದಿದ್ದಾರೆ.

ಮತ್ತೆ ಶಾಲೆಗೆ ಹೋದದ್ದು ಸಂತು ಲುಸ್ಸುರ್ಜು ಊರಿಗೆ. ಅಲ್ಲಿ ಐದು ತರಗತಿಗಳಿಗೆ ಮೂವರೇ ಮೇಷ್ಟ್ರು. ಕಲಿಕೆಯಲ್ಲಿ ಉಳಿದ ಕೊರತೆಯನ್ನು ಕಾಲ್ಯಾರಿಯ ದೆತ್ತೋರಿ ಪ್ರೌಢಶಾಲೆಯಲ್ಲಿ ತುಂಬಿಕೊಳ್ಳಬೇಕಾಯಿತು. ಅಲ್ಲಿ ಸಮಾಜವಾದಿಯಾಗಿದ್ದ ಅಣ್ಣ ಜೆನ್ನಾರೊ ಜೊತೆಗಿದ್ದರು. 1911ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಗ್ರಾಂಶಿ ಒಂಬತ್ತನೆಯವರು (ಎರಡನೆಯವರು ಪಾಲ್ಮಿರೊ ತೊಲ್ಯಾತ್ತಿ, ಮುಂದೆ ಗ್ರಾಂಶಿಯಂತೆಯೇ ಇಟಲಿಯ ಕಮ್ಯುನಿಸ್ಟ್ ಪಕ್ಷದ ನಾಯಕ). ಮನೆಯವರು ಕೊಟ್ಟ 100 ಲಿರಾದಲ್ಲಿ 45 ಮೂರನೇ ದರ್ಜೆಯ ಪ್ರಯಾಣಕ್ಕೇ ಹೋಯಿತು. ವಿದ್ಯಾರ್ಥಿವೇತನ ತಿಂಗಳಿಗೆ 70 ಲಿರಾ, ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಉತ್ತರ ಇಟಲಿಯ ಚಳಿಗೆ ಮೇಲಂಗಿ ಕೊಳ್ಳಲೂ ಅದು ಸಾಲಲಿಲ್ಲ. ಹಣ ಬರುತ್ತಿರಲು ಪರೀಕ್ಷೆಗಳನ್ನು ಕಟ್ಟಲೇಬೇಕು. ತಲೆನೋವು, ನರಗಳ ಬಳಲಿಕೆಯಿಂದ ಪರೀಕ್ಷೆ ತಪ್ಪಿದಾಗ ವೇತನವೂ ನಿಂತಿತು. ಭಾಷಾವಿಜ್ಞಾನದ ಪ್ರೊಫೆಸರ್ ಮತ್ತೆಯೊ ಬಾರ್ತೊಲಿಗೆ ಈ ಶಿಷ್ಯನ ಮೇಲೆ ಬಹಳ ಭರವಸೆ. ಸಾರ್ಡೀನಿಯದ ಶಬ್ದಗಳು, ಅವುಗಳ ಉಚ್ಚಾರ ಕೇಳಿ ಗ್ರಾಂಶಿ ಮನೆಗೆ ಕಾಗದ ಬರೆಯುತ್ತಿದ್ದರು. ಆದರೂ 1915ರ ಏಪ್ರಿಲ್‌ನದು ಅವರ ಕೊನೆಯ ಪರೀಕ್ಷೆ. ಪದವಿ ಮುಗಿಯಲಿಲ್ಲ. ಅವರನ್ನು ಭಾಷಾವಿಜ್ಞಾನದ ಪದವೀಧರ ಎನ್ನುವವರು ಇದನ್ನು ತಿದ್ದಿಕೊಳ್ಳಲಿ.

ಇಂಥ ವ್ಯಕ್ತಿ ಶಾಲೆ ಸಲೀಸಾಗಲಿ ಎಂದು ವಾದಿಸಲಿಲ್ಲ. ಜೈಲಿನಲ್ಲಿ ಬರೆದ ಟಿಪ್ಪಣಿ ಪುಸ್ತಕಗಳ ಪೈಕಿ 1932ರ ಹನ್ನೆರಡನೆಯದರಲ್ಲಿ ಓದುವುದೂ ದುಡಿಮೆಯೇ, ಅದಕ್ಕೆ ಮೈಮನಸ್ಸು ಪಳಗಬೇಕು ಎಂದಿದ್ದಾರೆ. ಓದು ಬಲ್ಲ ಮನೆತನದ ಮಕ್ಕಳಿಗೆ ಆ ಪಳಗುವಿಕೆ ಮನೆಯಲ್ಲೇ ಸಿಗುತ್ತದೆ, ಬಡವರ ಮಕ್ಕಳಿಗೆ ಶಾಲೆಯೇ ಕೊಡಬೇಕು. ಬಡವರಿಗೆ ಕಸುಬಿನ ಶಾಲೆ, ಉಳ್ಳವರಿಗೆ ಜ್ಞಾನದ ಶಾಲೆ ಎಂಬ ವಿಂಗಡಣೆಯನ್ನೂ ಅವರು ಒಪ್ಪಲಿಲ್ಲ. ಊರ ಮಾತೊಂದನ್ನೇ ಬಲ್ಲವನಿಗೆ ಕಾಣುವ ಲೋಕ ಕಿರಿದು ಎಂದು ಹನ್ನೊಂದನೇ ಟಿಪ್ಪಣಿಯಲ್ಲಿ ಬರೆದವರೂ ಅವರೇ.

ಹೀಗಾಗಿ ತಂಗಿಗೆ ಬರೆದ ಪತ್ರವನ್ನಷ್ಟೇ ಹಿಡಿದು ಕನ್ನಡ ಮಾಧ್ಯಮದ ಪರ ವಾದಿಸಿದರೆ ಎದುರಾಳಿ ಈ ಟಿಪ್ಪಣಿಗಳನ್ನು ತೆರೆದು ತೋರಿಸಬಹುದು. ನಾವೂ ಕನ್ನಡ ಮಾಧ್ಯಮದ ಪರವೇ. ಆದ್ದರಿಂದಲೇ ತರಗತಿಯಲ್ಲಿ ಪತ್ರದ ಜೊತೆಗೆ ಹನ್ನೆರಡನೇ ಟಿಪ್ಪಣಿಯನ್ನೂ ಓದಿಸಬೇಕೆಂದು ನಮ್ಮ ಕೋರಿಕೆ.

– ಇಬ್ಬರು ರಾಜ್ಯಶಾಸ್ತ್ರ ಅಧ್ಯಾಪಕರು, ಧಾರವಾಡ