ಬಿಟ್ಟುಹೋದ ಅಧ್ಯಾಯಗಳ ಲೆಕ್ಕ ಬಿಡು ಮಗಳೇ

ಪ್ರೀತಿಯ ಮಗಳೇ,

ಒಂದು ವರ್ಷದಲ್ಲಿ ಬೈಬಲ್ ಓದಿ ಮುಗಿಸುವ ಪಟ್ಟಿಯಲ್ಲಿ ತುಂಬಾ ಹಿಂದೆ ಬಿದ್ದಿದ್ದೀನಿ, ಇನ್ನು ಜನವರಿಯಿಂದಲೇ ಹೊಸದಾಗಿ ಶುರು ಮಾಡ್ತೀನಿ ಅಂದೆಯಲ್ಲ, ಅದು ಬೇಡ. ಜನವರಿಗೆ ಕಾಯಬೇಡ. ಬಿಟ್ಟುಹೋದದ್ದನ್ನೆಲ್ಲ ಒಂದೇ ಭಾನುವಾರ ಕೂತು ಓದಿ ತೀರಿಸುವುದಕ್ಕೂ ಹೋಗಬೇಡ. ಅದೇನು ಸಾಲ ಅಲ್ಲ. ಇವತ್ತಿನದನ್ನು ಇವತ್ತು ಓದು, ಅಷ್ಟೇ.

ನೀನು ಎಲ್ಲಿ ನಿಂತೆ ಅಂತ ನಾನು ಕೇಳಲಿಲ್ಲ, ಆದರೂ ಊಹಿಸಬಲ್ಲೆ. ನಮ್ಮ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ, ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರೋ ನಾಲ್ಕೋ ಓದಬೇಕು. ಆದಿಕಾಂಡ ತಾನಾಗಿ ಓದಿಸಿಕೊಂಡು ಹೋಗುತ್ತದೆ, ವಿಮೋಚನಕಾಂಡದಲ್ಲೂ ಇಸ್ರಾಯೇಲ್ಯರು ಸಮುದ್ರ ದಾಟುವವರೆಗೆ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಆಮೇಲೆ ದೇವರ ಆರಾಧನೆಗೆ ಕಟ್ಟಿದ ಗುಡಾರದ ಅಳತೆ, ಪರದೆ, ಕೊಂಡಿ, ಕಂಬ ಬರುತ್ತವೆ. ಅದರ ಬೆನ್ನಿಗೇ ಬಲಿ, ಶುದ್ಧಿಯ ನಿಯಮಗಳೇ ತುಂಬಿರುವ ಯಾಜಕಕಾಂಡ. ಎಷ್ಟೋ ಜನ ಅಲ್ಲೇ ನಿಲ್ಲುತ್ತಾರೆ, ಭಕ್ತಿ ಕಡಿಮೆಯಾಗಿ ಅಲ್ಲ, ಒಬ್ಬರೇ ಕೂತು ಓದಿದರೆ ಆ ಭಾಗ ನಿಜಕ್ಕೂ ಕಷ್ಟ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿರುತ್ತಾನೆ. ಓದುತ್ತಿರುವುದು ಅರ್ಥವಾಗುತ್ತಿದೆಯಾ ಅಂತ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ಕೇಳಿದರೆ, ಯಾರಾದರೂ ಹೇಳಿಕೊಡದೆ ಹೇಗೆ ಅರ್ಥವಾಗುತ್ತದೆ ಅಂದುಬಿಡುತ್ತಾನೆ. ನೀನೂ ಹಾಗೇ ಕೇಳು. ಪಾಸ್ಟರನ್ನು ಕೇಳು, ನನ್ನನ್ನು ಕೇಳು, ನನಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕೋಣ.

ಪಟ್ಟಿ ಇಟ್ಟುಕೊಳ್ಳುವುದು ತಪ್ಪು ಅಂತಲ್ಲ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗೆ ಮಾಡಿಕೊಟ್ಟ ಪಟ್ಟಿಯನ್ನು ಜನ ಇವತ್ತಿಗೂ ಬಳಸುತ್ತಾರೆ. ವರ್ಷಕ್ಕೆ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಆದರೆ ಅವರೇ ಅದರ ಜೊತೆಗೆ ಅಪಾಯಗಳನ್ನೂ ಬರೆದಿಟ್ಟರು ನೋಡು. ಓದು ಸುಮ್ನೆ ಶಾಸ್ತ್ರಕ್ಕೆ ಅನ್ನುವ ಹಾಗಾಗಬಹುದು, ಓದಿದ್ದೇನೆ ಅನ್ನುವ ಹಮ್ಮು ಬರಬಹುದು, ಗಮನವಿಲ್ಲದೆ ಓದಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು ಅಂತ. ನಿನಗೆ ಆಗಿರುವುದು ಈ ಕೊನೆಯದು.

ಅದಕ್ಕೇ ಈಗ ಮಾರ್ಕನ ಸುವಾರ್ತೆ ತೆಗೆದುಕೋ. ಬರೀ 16 ಅಧ್ಯಾಯ. ದಿನಕ್ಕೆ ಒಂದು ಸಾಕು, ಅದೂ ಜಾಸ್ತಿ ಅನಿಸಿದರೆ ಅರ್ಧ ಓದು. 4ನೇ ಅಧ್ಯಾಯದ ಕೊನೆಗೆ ಬಿರುಗಾಳಿ ಎದ್ದು, ಅಲೆಗಳು ದೋಣಿಯೊಳಗೆ ನುಗ್ಗಿ, ನಾವು ಸಾಯುತ್ತಿದ್ದೇವೆ ನಿನಗೆ ಚಿಂತೆಯೇ ಇಲ್ಲವಾ ಅಂತ ಶಿಷ್ಯರು ಎಬ್ಬಿಸುವಾಗ, ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ. ಇದೇ ಘಟನೆ ಮತ್ತಾಯನಲ್ಲೂ ಇದೆ, ಲೂಕನಲ್ಲೂ ಇದೆ, ಆ ದಿಂಬು ಮಾತ್ರ ಮಾರ್ಕನಲ್ಲಷ್ಟೇ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲು ಮಗಳೇ. ಹಗಲೆಲ್ಲ ದೋಣಿಯಲ್ಲಿ ಕೂತು ದಡದಲ್ಲಿದ್ದ ಜನರಿಗೆ ಬೋಧಿಸಿ, ಸಂಜೆ ಅದೇ ದೋಣಿಯಲ್ಲಿ ಮಲಗಿಬಿಟ್ಟವರು ಅವರು. ನಮ್ಮ ಹಾಗೇ ಅವರಿಗೂ ನಿದ್ದೆ ಬೇಕಿತ್ತು ಅನ್ನುವುದು ನನಗಂತೂ ದೊಡ್ಡ ಧೈರ್ಯ. ಮೂರು ಅಧ್ಯಾಯಕ್ಕೆ ಟಿಕ್ ಹಾಕುವ ಅವಸರದಲ್ಲಿ ಓದಿದರೆ ಆ ದಿಂಬು ಕಣ್ಣಿಗೇ ಬೀಳುವುದಿಲ್ಲ.

ಯಾವ ಹೊತ್ತು ಅನ್ನುವುದು ನಿನಗೆ ಬಿಟ್ಟಿದ್ದು. ಬೆಳಿಗ್ಗೆಯೇ ಓದಬೇಕು ಅಂತೇನಿಲ್ಲ, ಆದರೆ ದಿನಾ ತಪ್ಪದೆ ಮಾಡುವ ಯಾವುದಾದರೂ ಕೆಲಸ ಮುಗಿದ ತಕ್ಷಣ ಕೂತುಬಿಡು, ಆಗ ಮರೆಯುವುದಿಲ್ಲ. ಫೋನಿನಲ್ಲಿ ಓದುವುದಾದರೆ ಇಂಟರ್ನೆಟ್ ಆಫ್ ಮಾಡು, ಒಂದು ಮೆಸೇಜ್ ಬಂದರೆ ಮುಗಿಯಿತು ಅಲ್ವಾ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೊಂದು ವಚನ ಕೈಯಾರೆ ಬರೆ. ಧರ್ಮೋಪದೇಶಕಾಂಡದ 17ನೇ ಅಧ್ಯಾಯದಲ್ಲಿ, ಇಸ್ರಾಯೇಲಿನ ಅರಸನೂ ಧರ್ಮಶಾಸ್ತ್ರದ ಪ್ರತಿ ಬರೆದುಕೊಂಡು ಜೀವ ಇರುವವರೆಗೆ ಓದಬೇಕು ಅಂತಿದೆ.

ತೀರಾ ಸುಸ್ತಾದ ದಿನ 117ನೇ ಕೀರ್ತನೆ ಓದು, ಎರಡೇ ವಚನ. ಅಳು ಬರುವ ದಿನ 88ನೇದು. ಅದು ಕೊನೆಯವರೆಗೂ ಕತ್ತಲಲ್ಲೇ ಇದೆ, ಸಮಾಧಾನದ ಮಾತಿಗೆ ಹೊರಳುವುದೇ ಇಲ್ಲ, ಆದರೂ ಅದು ದೇವರಿಗೇ ಹೇಳಿದ ಪ್ರಾರ್ಥನೆ.

ನಾನೂ ಇವತ್ತು ಮಾರ್ಕನ 1ನೇ ಅಧ್ಯಾಯದಿಂದ ಶುರು ಮಾಡುತ್ತೇನೆ. ಶನಿವಾರ ಫೋನ್ ಮಾಡಿದಾಗ ಎಷ್ಟು ಓದಿದೆ ಅಂತ ಕೇಳುವುದಿಲ್ಲ. ಯಾವುದು ಮನಸ್ಸಿಗೆ ತಾಗಿತು, ಯಾವುದು ತಲೆಬುಡ ತಿಳಿಯಲಿಲ್ಲ ಅಂತ ಹೇಳು. 5ನೇ ಅಧ್ಯಾಯದ ಹಂದಿಗಳ ಬಗ್ಗೆ ನನಗೂ ನಿನ್ನ ಹತ್ತಿರ ಮಾತಾಡುವುದಿದೆ.

ನಿನ್ನ ಅಪ್ಪ